ಚಿತ್ರದ ಕುದುರೆಯೂ ನಿಜದ ಕುದುರೆಯೂ

ನಟನಲ್ಲಿ ರಾಮನನ್ನು ಕಾಣುವ ಪ್ರೇಕ್ಷಕನ ಅರಿವು ಎಂಥದು? ನಿಜ, ಸುಳ್ಳು, ಸಂಶಯ, ಸಾದೃಶ್ಯ ಈ ನಾಲ್ಕರಲ್ಲಿ ಯಾವುದೂ ಅಲ್ಲದ ಆ ಅರಿವನ್ನು ಶ್ರೀಶಂಕುಕನು ಚಿತ್ರದಲ್ಲಿ ಬರೆದ ಕುದುರೆಯನ್ನು ಕುದುರೆಯೆಂದೇ ಕಾಣುವ ಅರಿವಿಗೆ ಹೋಲಿಸಿದನು. ಆದರೆ ನಿಜದ ಕುದುರೆಯೇ ಬಂದು ತನ್ನ ಪಾತ್ರವನ್ನು ತಾನೇ ಅಭಿನಯಿಸಿದರೆ? ಇರಾನಿನ ನಿರ್ದೇಶಕ ಅಬ್ಬಾಸ್ ಕಿಯಾರೊಸ್ತಮಿಯವರ ‘ಕ್ಲೋಸ್-ಅಪ್’ (1990) ಈ ಪ್ರಶ್ನೆಯನ್ನು ಎತ್ತುತ್ತದೆ.

ತೆಹರಾನಿನಲ್ಲಿ ಹೊಸೇನ್ ಸಬ್ಜಿಯಾನ್ ಎಂಬ ಬಡವನು ಬಸ್ಸಿನಲ್ಲಿ ‘ದಿ ಸೈಕ್ಲಿಸ್ಟ್’ ಎಂಬ ಚಿತ್ರಕಥೆಯನ್ನು ಓದುತ್ತಿದ್ದಾಗ, ಪಕ್ಕದ ಮಹಿಳೆಗೆ ತಾನೇ ಅದರ ಕರ್ತೃವಾದ ಮೊಹ್ಸೆನ್ ಮಖ್ಮಲ್‌ಬಾಫ್ ಎಂದು ಹೇಳಿಕೊಂಡನು. ಆಕೆಯ ಮನೆಗೆ ಹೋಗಿಬರತೊಡಗಿದನು; ಮನೆಯವರಿಗೆ ತನ್ನ ಚಿತ್ರದಲ್ಲಿ ಪಾತ್ರಗಳ ಆಸೆ ತೋರಿಸಿದನು; ಸ್ವಲ್ಪ ಹಣವನ್ನೂ ಪಡೆದನು; ಕೊನೆಗೆ ಸೆರೆಸಿಕ್ಕನು. ಪತ್ರಿಕೆಯಲ್ಲಿ ಈ ವಾರ್ತೆಯನ್ನೋದಿದ ಕಿಯಾರೊಸ್ತಮಿಯವರು ನ್ಯಾಯಾಲಯದೊಳಕ್ಕೆ ಕ್ಯಾಮರಾ ಒಯ್ದರು. ನಡೆದುಹೋದುದನ್ನು ಆರೋಪಿಯಿಂದಲೂ ಆ ಕುಟುಂಬದವರಿಂದಲೂ ಮತ್ತೆ ಅಭಿನಯ ಮಾಡಿಸಿದರು. ಸುಳ್ಳುಗಾರನು ಕೊಟ್ಟ ಮಾತು ಹೀಗೆ ಮತ್ತೊಬ್ಬರಿಂದ ನಿಜವಾಯಿತು.

ಚಿತ್ರದ ಸತ್ತ್ವವಿರುವುದು ಈ ಚಮತ್ಕಾರದಲ್ಲಿ ಅಲ್ಲ, ವಿಚಾರಣೆಯ ಭಾಗದಲ್ಲಿ. ಒಂದು ಕ್ಯಾಮರಾ ನ್ಯಾಯಾಲಯಕ್ಕೆ, ಸಮೀಪದಿಂದ ಮುಖವನ್ನು ನೋಡುವ ಇನ್ನೊಂದು ನಿನಗೆ, ಎಂದು ನಿರ್ದೇಶಕರು ಆರೋಪಿಗೆ ತಿಳಿಸುತ್ತಾರೆ. ಚಿತ್ರದ ಹೆಸರಿನ ಅರ್ಥವೂ ಅದೇ. ಕಾನೂನಿಗೆ ಬೇಕಾದುದು ಮೋಸ ನಡೆಯಿತೇ ಎಂಬುದಕ್ಕೆ ಉತ್ತರ. ಎರಡನೆಯ ಕ್ಯಾಮರಾದ ಮುಂದೆ ಸಬ್ಜಿಯಾನ್ ಹೇಳಿಕೊಳ್ಳುವುದು, ನಿರ್ದೇಶಕನೆಂದು ನಂಬಿದವರು ತನಗೆ ಕೊಟ್ಟ ಮನ್ನಣೆಯನ್ನು, ಮನೆಗೆ ಮರಳಿದೊಡನೆ ಮತ್ತೆ ಬಂದೊದಗುತ್ತಿದ್ದ ಬಡತನವನ್ನು. ಕಿಯಾರೊಸ್ತಮಿಯವರದೇ ‘ದಿ ಟ್ರಾವೆಲರ್’ (1974) ಚಿತ್ರದಲ್ಲಿ ಫುಟ್‌ಬಾಲ್ ಪಂದ್ಯ ನೋಡಲು ಮೋಸದಿಂದ ಹಣ ಕೂಡಿಸಿ, ಕಡೆಗೆ ನಿದ್ದೆಹೋಗಿ ಪಂದ್ಯವನ್ನೇ ಕಳೆದುಕೊಳ್ಳುವ ಹುಡುಗನಿಗೆ ಆತನು ತನ್ನನ್ನು ಹೋಲಿಸಿಕೊಳ್ಳುತ್ತಾನೆ.

ಕೊನೆಯಲ್ಲಿ ನಿಜವಾದ ಮಖ್ಮಲ್‌ಬಾಫ್, ಬಿಡುಗಡೆಯಾದ ಸಬ್ಜಿಯಾನನನ್ನು ಮೋಟಾರ್‌ಸೈಕಲ್ ಮೇಲೆ ಕೂರಿಸಿಕೊಂಡು ಹೊರಡುತ್ತಾರೆ. ಧ್ವನಿಯಂತ್ರ ಕೆಟ್ಟಿತೆಂಬ ನೆಪದಿಂದ ಅವರ ಮಾತು ಕಡಿಕಡಿದು ಕೇಳಿಸುತ್ತದೆ. ಯಂತ್ರ ಕೆಟ್ಟಿರಲಿಲ್ಲ, ಅದು ನಿರ್ದೇಶಕರು ಬೇಕೆಂದೇ ಮಾಡಿದ ಏರ್ಪಾಡು. ಚಿತ್ರದ ಕುದುರೆಯನ್ನು ನೋಡುವವನಿಗೆ ಅದು ಚಿತ್ರವೆಂಬುದು ಗೊತ್ತಿರುತ್ತದೆ. ಇಲ್ಲಿ ಪ್ರೇಕ್ಷಕನಿಗೆ ಅಷ್ಟನ್ನೂ ತಿಳಿಸಿಲ್ಲ. ಆದುದರಿಂದ ಸಬ್ಜಿಯಾನನು ಆ ಮನೆಯವರಿಗೆ ಮಾಡಿದುದನ್ನೇ ಕಿಯಾರೊಸ್ತಮಿಯವರು ನೋಡುಗರಿಗೆ ಮಾಡಿದರೆಂಬ ಆಕ್ಷೇಪ ಸುಲಭವಾಗಿ ತಳ್ಳಿಹಾಕುವಂಥದಲ್ಲ. ಆದರೂ ಒಂದು ಭೇದವುಂಟು. ಅದುವರೆಗೆ ಲೋಕದೆದುರು ತೆರೆದಿಟ್ಟ ಒಬ್ಬನ ಅವಮಾನಕ್ಕೆ ಈ ಸುಳ್ಳು ಕಡೆಗೊಮ್ಮೆ ಮರೆಯಾಗುತ್ತದೆ. ಆತನು ತನ್ನ ಆರಾಧ್ಯನೊಡನೆ ಆಡಿದ ಮಾತು ಆತನದಾಗಿಯೇ ಉಳಿಯುತ್ತದೆ. 2006ರಲ್ಲಿ ತೀರಿಕೊಂಡ ಸಬ್ಜಿಯಾನನಿಗೆ ಚಲಚ್ಚಿತ್ರವು ತೋರಿದ ನಿಜವಾದ ಗೌರವವು, ಆತನ ಮುಖವನ್ನು ಹತ್ತಿರದಿಂದ ತೋರಿಸಿದುದಕ್ಕಿಂತ ಹೆಚ್ಚಾಗಿ, ಆ ಮಾತುಗಳನ್ನು ಕೇಳಿಸದೆ ಬಿಟ್ಟುದರಲ್ಲಿದೆ.