ಬಯಲಿನ ಪೇಟಿ, ಬೈಠಕ್ಕಿನ ಪೇಟಿ

ಬೈಲಹೊಂಗಲದ ಸುತ್ತಿನ ಹಳ್ಳಿಗಳಲ್ಲಿ ಸಂಗ್ಯಾ ಬಾಳ್ಯಾ ಆಟ ನಡೆದರೆ ಮರುದಿನ ಜನ ಪಾತ್ರಧಾರಿಗಳ ಬಗ್ಗೆ ಮಾತಾಡುತ್ತಾರೆ. ಪೇಟಿ ಮಾಸ್ತರರ ಹೆಸರು ಬರುವುದು ಕಡಿಮೆ. ಸವದತ್ತಿ, ರಾಮದುರ್ಗದ ಕಡೆ ಶ್ರೀಕೃಷ್ಣ ಪಾರಿಜಾತ ನೋಡುತ್ತ ಬೆಳೆದ ನನಗೂ ಅದೇ ರೂಢಿ. ಆದರೆ ಹಾಡುವವರ ಸ್ವರ ಜಾರಿದರೆ ಎತ್ತಿಕೊಡುವುದು, ಮಾತು ಮರೆತರೆ ನಡುವಿನ ಮೌನ ತುಂಬುವುದು, ಬೆಳತನಕ ಆಟವನ್ನು ಹಿಡಿದಿಡುವುದು ಆ ಪೇಟಿಯೇ.

ನನ್ನ ಪಿಎಚ್.ಡಿ. ಪ್ರಬಂಧದ ಕರಡಿನಲ್ಲಿ 'ರಂಗಸಂಗೀತ', 'ಶಾಸ್ತ್ರೀಯ ಸಂಗೀತ' ಎಂದು ಎರಡು ಅಧ್ಯಾಯ ಮಾಡಿಕೊಂಡಿದ್ದೆ. ಪಂಡಿತ ರಾಮಭಾವು ಬಿಜಾಪುರೆ ಅವರ ಹತ್ತಿರ ಬಂದಾಗ ಪೆನ್ನು ನಿಂತಿತು. 1917ರಲ್ಲಿ ಕಾಗವಾಡದಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ನೆಲೆನಿಂತು, 2010ರಲ್ಲಿ ತೀರಿಕೊಂಡ ಈ ಹಾರ್ಮೋನಿಯಂ ವಾದಕರು ನಾಟಕ ಕಂಪನಿಗೂ ನುಡಿಸಿದವರು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರಂಥವರಿಗೂ ಸಾಥ್ ಕೊಟ್ಟವರು. ಅವರನ್ನು ಯಾವ ಅಧ್ಯಾಯದಲ್ಲಿ ಕೂರಿಸುವುದು?

ಉತ್ತರದ ಎಳೆ ಸಿಕ್ಕಿದ್ದು ದೂರದ ಇನ್ನೊಬ್ಬ ವಾದಕನಲ್ಲಿ. ಡೀಪ್ ಪರ್ಪಲ್ ಎಂಬ ಇಂಗ್ಲಿಷ್ ರಾಕ್ ತಂಡದ ಕೀಬೋರ್ಡ್ ವಾದಕ ಜಾನ್ ಲಾರ್ಡ್, 1969ರ ಸೆಪ್ಟೆಂಬರ್ 24ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ತನ್ನ ತಂಡವನ್ನೂ ರಾಯಲ್ ಫಿಲ್ಹಾರ್ಮೊನಿಕ್ ಆರ್ಕೆಸ್ಟ್ರಾವನ್ನೂ ಒಂದೇ ವೇದಿಕೆಗೆ ತಂದ. ಕೃತಿ ಅವನದೇ, ನಿರ್ದೇಶನ ಮಾಲ್ಕಮ್ ಆರ್ನಾಲ್ಡ್ ಅವರದು. ಈಗ ಕೇಳಿದರೆ ಅದರ ಮೊದಲ ಭಾಗ ಬೆಸುಗೆಗಿಂತ ಜಿದ್ದಾಜಿದ್ದಿಯಂತೆ ಕೇಳುತ್ತದೆ. ಆರ್ಕೆಸ್ಟ್ರಾ ಒಂದು ಮಾತು ಆಡುತ್ತದೆ, ರಾಕ್ ತಂಡ ಅದನ್ನು ಕಡಿಯುತ್ತದೆ. ನಮ್ಮ ಕಲ್ಗಿ ತುರಾಯಿಯ ಸವಾಲು ಜವಾಬಿನ ಹಾಗೆ. ನನ್ನ ಕಿವಿಗೆ ನಿಜವಾದ ಬೆರಕೆ ಕೇಳುವುದು ಅವನ ಹ್ಯಾಮಂಡ್ ಆರ್ಗನ್ನಿನಲ್ಲಿ. ಚರ್ಚುಗಳಿಗೂ ಸಲ್ಲುತ್ತಿದ್ದ ಆ ವಾದ್ಯವನ್ನು ಆತ ಗಿಟಾರಿನ ಆಂಪ್ಲಿಫೈಯರಿಗೆ ಜೋಡಿಸಿ ಗುಡುಗಿಸಿದ. ಅದರ ಮೇಲೆಯೇ ಬಾಖ್‌ನ ನೆನಪು ತರುವ ಸ್ವರಸರಣಿ ಓಡಿಸಿದ. ಅಲ್ಲಿ ಎರಡು ಸಂಗೀತಗಳು ಎದುರುಬದುರು ಕೂತಿಲ್ಲ, ಒಂದೇ ಬೆರಳಿನಲ್ಲಿವೆ.

ಬಿಜಾಪುರೆಯವರ ಸಾಧನೆಯನ್ನೂ ಹೀಗೆಯೇ ನೋಡಬೇಕೆಂದು ನನಗನಿಸುತ್ತದೆ. ಹಾರ್ಮೋನಿಯಂ ಮೂಲತಃ ಯುರೋಪಿನ ವಾದ್ಯ. 1842ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದದ್ದು. ಪಟ್ಟಿಗಳ ಸ್ವರ ಕಟ್ಟಿಟ್ಟದ್ದು, ಮೀಂಡ್ ಬಾರದು. ಇದೇ ಕಾರಣ ಮುಂದಿಟ್ಟು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. 1950ರಲ್ಲಿ ಧಾರವಾಡ ಕೇಂದ್ರ ಶುರುವಾದಾಗಲೂ ನಿಷೇಧವಿತ್ತು. ಸಡಿಲಾದದ್ದು ಎಪ್ಪತ್ತರ ದಶಕದಲ್ಲಿ. ಅಂದರೆ ನಮ್ಮ ಊರೂರಿನ ಆಟ, ಭಜನೆ, ಕಂಪನಿ ನಾಟಕಗಳೆಲ್ಲ ನೆಚ್ಚಿಕೊಂಡಿದ್ದ ವಾದ್ಯ, ಬಾನುಲಿಯ ಲೆಕ್ಕದಲ್ಲಿ ಸಂಗೀತಕ್ಕೆ ತಕ್ಕದ್ದಲ್ಲ.

ಆ ಆಕ್ಷೇಪಣೆ ಸುಳ್ಳಲ್ಲ. ಆದರೆ ವಾದ್ಯಕ್ಕೆ ಬಾರದ್ದನ್ನು ವಾದಕ ಬರಿಸಬಲ್ಲ. ಒಂದು ಪಟ್ಟಿಯಿಂದ ಬೆರಳು ಪೂರ್ತಿ ಏಳುವ ಮೊದಲೇ ಮುಂದಿನದನ್ನು ಮುಟ್ಟಿ, ತಿದಿಯ ಗಾಳಿಯನ್ನು ಹಗುರ ಮಾಡಿದರೆ ಕಿವಿ ಜಾರಿಕೆಯನ್ನು ತಾನೇ ತುಂಬಿಕೊಳ್ಳುತ್ತದೆ. ಇದಕ್ಕೆ ಹಾಡುಗಾರಿಕೆ ಗೊತ್ತಿರಬೇಕು. ರಾಮಕೃಷ್ಣಬುವಾ ವಝೆಯಂಥ ಗವಾಯಿಗಳ ಬಳಿ ಕಲಿತ ಬಿಜಾಪುರೆಯವರಿಗೆ ಅದು ಗೊತ್ತಿತ್ತು. ಇನ್ನೊಂದು ಗುಣವೂ ಬೇಕು: ಹಾಡುವವರ ಉಸಿರು ಎಲ್ಲಿ ತಿರುಗುತ್ತದೆಂದು ಮೊದಲೇ ಅರಿಯುವುದು. ಅದರ ಗರಡಿಮನೆ ರಂಗಭೂಮಿ. ಅಲ್ಲಿ ನಟ ಯಾವಾಗ ಪದ ಬಿಟ್ಟು ಮಾತಿಗಿಳಿಯುತ್ತಾನೋ ಹೇಳಲಾಗದು. ಬೈಠಕ್ಕಿನ ಸಾಥ್‌ಗೆ ಬೇಕಾದ ಎಚ್ಚರವನ್ನು ಕಲಿಸುವುದು ಇಂಥ ರಂಗವೇ. ನಾವು ಕೀಳೆಂದು ಪಕ್ಕಕ್ಕಿಟ್ಟದ್ದೇ ಮೇಲಿನದಕ್ಕೆ ಬುನಾದಿ.

ಹೋದ ಸಲ ಕಿತ್ತೂರು ಉತ್ಸವದಲ್ಲಿ ಕೀಬೋರ್ಡಿನ ಹುಡುಗನೊಬ್ಬ ಸಿನಿಮಾ ಹಾಡಿನ ನಡುವೆ ಬಯಲಾಟದ ಮಟ್ಟೊಂದನ್ನು ನುಸುಳಿಸಿದ. ಹಿಂದೆ ಕೂತ ಮುದುಕರು ಗೋಣು ಹಾಕಿದರು. ನಿರೂಪಕರು ಗಾಯಕರ ಹೆಸರು ಕೂಗಿದರು, ಅವನ ಹೆಸರು ಕೂಗಲಿಲ್ಲ. ನಾನು ಊರಿಗೆ ಬಂದು ಎರಡೂ ಅಧ್ಯಾಯಗಳನ್ನು ಒಡೆದೆ. ಈಗ ಅಲ್ಲಿರುವುದು ಒಂದೇ ಅಧ್ಯಾಯ, ಅದರ ತಲೆಬರಹ: 'ಪೇಟಿ ಮಾಸ್ತರರು'.