ದ್ವೀಪಶಬ್ದವೂ ಮಾರಿಷಸಿನ ಶಿಲೆಯೂ

ಮಡಗಾಸ್ಕರ, ಸೇಶೆಲ್ಸ್ ದ್ವೀಪಗಳು ಪೂರ್ವದಲ್ಲಿ ಭರತಖಂಡಕ್ಕೆ ಅಂಟಿಕೊಂಡಿದ್ದುವೆಂದು ಭೂಗರ್ಭಶಾಸ್ತ್ರಜ್ಞರು ನಿರ್ಣಯಿಸಿದುದನ್ನು ಕೇಳಿ, ಪುರಾಣೋಕ್ತವಾದ ಜಂಬೂದ್ವೀಪವು ಇದೇ ಎಂದು ಸಮೀಕರಿಸುವ ವ್ಯಾಖ್ಯಾನವೊಂದು ಪ್ರಚಾರದಲ್ಲಿದೆ. ಪುರಾಣಗೌರವದಿಂದ ಹುಟ್ಟಿದ ಈ ಮತವು ಪುರಾಣಕ್ಕೂ ಶಿಲೆಗೂ ಅನ್ಯಾಯವನ್ನು ಮಾಡುತ್ತದೆ.

ಮೊದಲು ಶಬ್ದವಿಚಾರ. ‘ದ್ವಿ’ ಎಂಬುದರ ಮುಂದಣ ‘ಅಪ್’ ಶಬ್ದದ ಆದಿಯ ಅಕಾರಕ್ಕೆ ಈಕಾರವು ಆದೇಶವಾಗಿ ದ್ವೀಪಶಬ್ದವು ಸಿದ್ಧಿಸುವುದೆಂಬುದು ಪಾಣಿನೀಯರಿಗೆ ವಿದಿತವೇ. ಇಕ್ಕೆಲಗಳಲ್ಲಿ ನೀರುಳ್ಳದ್ದೆಂಬುದಷ್ಟೇ ಅದರರ್ಥ. ಕನ್ನಡದ ‘ನಡುಗಡ್ಡೆ’ಯೂ ಇದನ್ನೇ ಹೇಳುತ್ತದೆ, ಹೊಳೆಯ ನಡುವಣ ಮರಳದಿಬ್ಬವೂ ನಡುಗಡ್ಡೆಯೇ. ಆ ನೆಲವು ಹೇಗೆ ಹುಟ್ಟಿತೆಂಬುದನ್ನು ಎರಡು ಶಬ್ದಗಳೂ ಸೂಚಿಸವು.

ಇನ್ನು ಪುರಾಣವಾಕ್ಯ. ವಿಷ್ಣುಪುರಾಣದ ದ್ವಿತೀಯಾಂಶದಲ್ಲಿ ಏಳು ದ್ವೀಪಗಳು ಬಳೆಗಳಂತೆ ಒಂದನ್ನೊಂದು ಸುತ್ತಿಕೊಂಡು, ಹಿಂದಿನದಕ್ಕಿಂತ ಮುಂದಿನದು ಇಮ್ಮಡಿಯಾಗಿ ನಿಂತಿವೆ. ಸಮುದ್ರಗಳ ಉತ್ಪತ್ತಿಯನ್ನು ಭಾಗವತದ ಪಂಚಮಸ್ಕಂಧವು ಹೇಳುತ್ತದೆ: ಪ್ರಿಯವ್ರತನ ರಥಚಕ್ರಗಳು ಕೊರೆದ ಜಾಡುಗಳೇ ಸಪ್ತಸಮುದ್ರಗಳಾದುವು. ಅಲ್ಲಿ ನೆಲವು ಕದಲುವುದಿಲ್ಲ, ರಥವು ಕದಲುತ್ತದೆ. ಭೂಗರ್ಭಶಾಸ್ತ್ರದಲ್ಲಾದರೋ ಕದಲಿದ್ದು ನೆಲವೇ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರವೂ, ಸುಮಾರು 6 ಕೋಟಿ 30 ಲಕ್ಷ ವರ್ಷಗಳ ಹಿಂದೆ ಸೇಶೆಲ್ಸೂ ಭಾರತದಿಂದ ಬೇರ್ಪಟ್ಟುವು. ಹೀಗೆ ಮೂಲತಃ ವಿರುದ್ಧವಾದ ಎರಡು ಕಥನಗಳಿಗೆ ಐಕ್ಯವೆಲ್ಲಿಯದು? ಸಮೀಕರಿಸುವವರು ಉಳಿದ ಆರು ದ್ವೀಪಗಳನ್ನು ಎಲ್ಲಿಡುವರೆಂಬುದೂ ತಿಳಿಯದು. ಮಾರಿಷಸಿನ ಕಬ್ಬನ್ನು ಕಂಡು ಇಕ್ಷುಸಮುದ್ರವೆನ್ನುವುದಾದರೆ ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರವೂ ಪ್ಲಕ್ಷದ್ವೀಪದ ದಡವಾದೀತು! ಅಲ್ಲದೆ, ಶಿಲೆಯ ಸಾಕ್ಷ್ಯದಿಂದ ಪುರಾಣಕ್ಕೆ ಪ್ರಾಮಾಣ್ಯವನ್ನು ಗಳಿಸಹೊರಟರೆ, ಆ ಶಾಸ್ತ್ರದ ಮತವು ತಿರುಗಿದ ದಿನ ಪುರಾಣವೂ ಬೀಳಬೇಕಾಗುತ್ತದೆ. 1864ರಲ್ಲಿ ಸ್ಕ್ಲೇಟರನು ಊಹಿಸಿದ ಲೆಮೂರಿಯಾ ಎಂಬ ಮುಳುಗಿದ ಖಂಡವನ್ನು ಶಾಸ್ತ್ರಜ್ಞರೇ ಕೈಬಿಟ್ಟಿರುವರಷ್ಟೆ.

ದ್ವೀಪಗಳಿಗೂ ಈ ನಾಡಿಗೂ ಇರುವ ನಿಜವಾದ ಬಾಂಧವ್ಯವನ್ನು ಗೋಕಾವಿಯ ಸೀಮೆಯಲ್ಲಿ ನೋಡತಕ್ಕದ್ದು. ಘಟಪ್ರಭೆಯು 52 ಮೀಟರು ಧುಮುಕುವ ಬಂಡೆಯು ಕಲಾದಗಿ ವರ್ಗದ ಮರಳುಗಲ್ಲು. ಈ ವರ್ಗವನ್ನು ರಾಬರ್ಟ್ ಬ್ರೂಸ್ ಫೂಟನು 1876ರಲ್ಲಿ ಪ್ರಕಟವಾದ ದಕ್ಷಿಣ ಮರಾಠಾ ಸೀಮೆಯ ಭೂಗರ್ಭವರ್ಣನೆಯಲ್ಲಿ ನಿರೂಪಿಸಿರುವನು. ಅದಕ್ಕಿಂತ ಬಹುಕಾಲದ ತರುವಾಯ, ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ, ದಖನ್ನಿನ ಲಾವಾ ಹರಿದು ಹೆಪ್ಪುಗಟ್ಟಿತು. ಹುಕ್ಕೇರಿ, ಮೂಡಲಗಿಗಳ ಎರೆಭೂಮಿಯು ಆ ಕರಿಗಲ್ಲು ಜೀರ್ಣಿಸಿ ಆದುದು. ಅದನ್ನು ಉಕ್ಕಿಸಿದ ಪಾತಾಳದ ತಾಪಮೂಲವೇ, ಭಾರತವು ಉತ್ತರಕ್ಕೆ ಸರಿದ ಮೇಲೆ, ಸುಮಾರು 90 ಲಕ್ಷ ವರ್ಷಗಳ ಹಿಂದಿನಿಂದ ಮಾರಿಷಸನ್ನು ಕಟ್ಟಿ, ಈಗ ರಿಯೂನಿಯನ್ ದ್ವೀಪದಲ್ಲಿ ಉರಿಯುತ್ತಿದೆಯೆಂದು ಬಹುಮತ.

ಮಾರಿಷಸಿನ ಎಳೆಯ ಲಾವಾಶಿಲೆಯಲ್ಲಿ 300 ಕೋಟಿ ವರ್ಷಗಳಷ್ಟು ಹಳೆಯ ಜಿರ್ಕಾನ್ ಹರಳುಗಳು ದೊರೆತ ವಾರ್ತೆಯು 2017ರಲ್ಲಿ ಪ್ರಕಟವಾಯಿತು. ಆದಕಾರಣ ಅದರ ಅಡಿಯಲ್ಲಿ ಪ್ರಾಚೀನ ಖಂಡದ ತುಣುಕೊಂದು ಹುದುಗಿದೆಯೆಂದು ಊಹಿಸಿರುವರು. ಹಳೆಯ ನೆಲದ ಮೇಲೆ ಹೊಸ ಲಾವಾ ಎಂಬ ಈ ಕ್ರಮವನ್ನು ಅಲ್ಲಿ ಸೂಕ್ಷ್ಮಯಂತ್ರದಿಂದ ಅರಿಯಬೇಕು. ಗೋಕಾವಿಯಿಂದ ಹುಕ್ಕೇರಿಗೆ ಹೋಗುವವನು ಬರಿಗಣ್ಣಿನಿಂದಲೇ ಕಾಣಬಹುದು.