ಡೋಸ್ ಒಂದೇ ಅಳತೆಗೋಲಲ್ಲ

ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿರುವ ಮೈಕ್ರೋಟ್ರಾನ್ ಯಂತ್ರ ಎಲೆಕ್ಟ್ರಾನುಗಳಿಗೆ 8 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಕೊಟ್ಟು ಅವನ್ನು ಪಾಲಿಮರ್, ರೇಷ್ಮೆಯ ಪ್ರೋಟೀನು, ಸಾವಯವ ಹರಳುಗಳ ಮೇಲೆ ಹಾಯಿಸುತ್ತದೆ. ಇಂಥ ಪ್ರಯೋಗಗಳಲ್ಲಿ 100 ಕಿಲೋಗ್ರೇ ಡೋಸ್ (ವಸ್ತು ಹೀರಿಕೊಂಡ ವಿಕಿರಣ ಶಕ್ತಿಯ ಅಳತೆ) ಅಪರೂಪವೇನಲ್ಲ. ಮಂಗಳನ ನೆಲದ ಮೇಲೆ ಕ್ಯೂರಿಯಾಸಿಟಿ ರೋವರ್ ಅಳೆದದ್ದು ವರ್ಷಕ್ಕೆ ಸುಮಾರು 76 ಮಿಲಿಗ್ರೇ. ಲೆಕ್ಕ ಹಾಕಿದರೆ, ಇಲ್ಲಿ ಹೊತ್ತು ಮುಳುಗುವುದರೊಳಗೆ ಮುಗಿಯುವ ಕೆಲಸಕ್ಕೆ ಅಲ್ಲಿ 13 ಲಕ್ಷ ವರ್ಷ ಬೇಕು. ಕೊಣಾಜೆಯವರ ಗುರಿ ಬಾಹ್ಯಾಕಾಶವಲ್ಲ, ವಸ್ತುವಿಜ್ಞಾನ. ಆದ್ದರಿಂದ ಅವರ ಮೇಲೆ ತಕರಾರಿಲ್ಲ. ಆದರೆ ಇಂಥ ಯಂತ್ರಗಳ ಫಲಿತಾಂಶವನ್ನೇ ಹಿಡಿದು ಯಾವ ಅಣು ಆಕಾಶದಲ್ಲಿ ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂದು ತೀರ್ಪು ಕೊಡುವ ರೂಢಿಯನ್ನು ಪ್ರಶ್ನಿಸಲೇಬೇಕು.

ಒಟ್ಟು ಡೋಸ್ ಒಂದೇ ಆದರೆ ಮುರಿಯುವ ಬಂಧಗಳೂ ಅಷ್ಟೇ, ನಿಧಾನವಾಗಿ ಕೊಟ್ಟರೇನು, ಬೇಗ ಕೊಟ್ಟರೇನು ಎಂಬ ವಾದವಿದೆ. ಘನವಸ್ತುವಿನ ಮಟ್ಟಿಗೆ ಅದರಲ್ಲಿ ಹುರುಳಿದೆ. ಮಂಗಳನ ಬಂಡೆಯ ಮೇಲಿನ ಕೆಲವೇ ಸೆಂಟಿಮೀಟರಿನಲ್ಲಿ ಅಮೈನೋ ಆಮ್ಲಗಳು ಸುಮಾರು 2 ಕೋಟಿ ವರ್ಷಗಳಲ್ಲಿ ಪೂರ್ತಿ ನಾಶವಾಗುತ್ತವೆಂದು ನಾಸಾ ವಿಜ್ಞಾನಿಗಳು 2022ರಲ್ಲಿ ಅಂದಾಜಿಸಿದ್ದೂ ಗಾಮಾ ಕಿರಣಗಳ ಇಂಥದೇ ತ್ವರಿತ ಪ್ರಯೋಗದಿಂದ. ಯುರೋಪಿನ ರೊಸಾಲಿಂಡ್ ಫ್ರಾಂಕ್ಲಿನ್ ರೋವರ್‌ಗೆ 2 ಮೀಟರ್ ಆಳಕ್ಕಿಳಿಯುವ ಡ್ರಿಲ್ ಅಳವಡಿಸಿದ್ದು ಈ ಭಯದಿಂದಲೇ. ಆದರೂ ವಾದ ಪೂರ್ತಿಯಲ್ಲ. ಗಾಳಿಯಲ್ಲಿಟ್ಟ ಪಾಲಿಮರ್‌ಗೆ ಅಷ್ಟೇ ಡೋಸನ್ನು ನಿಧಾನವಾಗಿ ಕೊಟ್ಟರೆ ಹಾನಿ ಹೆಚ್ಚುವುದುಂಟು, ಏಕೆಂದರೆ ಆಮ್ಲಜನಕಕ್ಕೆ ಒಳಗೆ ಇಳಿಯಲು ಸಮಯ ಸಿಗುತ್ತದೆ. ನಿರ್ವಾತದಲ್ಲಿ ಆ ಶತ್ರುವೇ ಇಲ್ಲ. ಆಕಾಶದ ಧೂಳಿಗಂಟಿದ, ಸೊನ್ನೆಗಿಂತ 260 ಡಿಗ್ರಿ ಕೆಳಗಿನ ಹಿಮದಲ್ಲಿ ಮುರಿದ ತುಂಡುಗಳು ದೂರ ಸರಿಯಲಾರವು. ಕೆಲವು ಮತ್ತೆ ಕೂಡಿಕೊಳ್ಳುತ್ತವೆ, ಕೆಲವು ಹೊಸ ಅಣುಗಳಾಗುತ್ತವೆ.

ಒಂಟಿಯಾಗಿ ತೇಲುವ ಅಣುವಿನ ಕಥೆಯಂತೂ ಬೇರೆಯೇ. 2021ರಲ್ಲಿ ವೃಷಭ ರಾಶಿಯ ಟಿಎಂಸಿ-1 ಎಂಬ ಅಂತರತಾರಾ ಮೋಡದಲ್ಲಿ ಇಂಗಾಲದ ಎರಡು ಉಂಗುರಗಳುಳ್ಳ ಸಯಾನೊನ್ಯಾಫ್ತಲೀನ್ ಅಣು ಪತ್ತೆಯಾದಾಗ ಅದರ ಪ್ರಮಾಣ ಸಿದ್ಧಾಂತ ಹೇಳಿದ್ದಕ್ಕಿಂತ ಲಕ್ಷಾಂತರ ಪಟ್ಟು ಹೆಚ್ಚಿತ್ತು. ಇಷ್ಟು ಚಿಕ್ಕ ಉಂಗುರಗಳು ತಾವು ಪಡೆದ ಶಕ್ತಿಯಿಂದಲೇ ಒಡೆದುಹೋಗುತ್ತವೆಂದು ಎಣಿಸಲಾಗಿತ್ತು. 2023ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನ ಡಿಸೈರೀ ಶೇಖರಣಾ ಉಂಗುರದಲ್ಲಿ ಇದೇ ಅಣುವಿನ ಅಯಾನನ್ನು ಸುತ್ತಿಸಿ ನೋಡಿದಾಗ ಕಾರಣ ಸಿಕ್ಕಿತು: ಕಂಪನದ ಶಕ್ತಿ ಎಲೆಕ್ಟ್ರಾನಿಗೆ ದಾಟಿ ಬೆಳಕಾಗಿ ಹೊರಬೀಳುತ್ತದೆ, ಅಣು ಒಡೆಯುವ ಮೊದಲೇ ತಣಿಯುತ್ತದೆ. ಅತಿ ವಿರಳ ಮೋಡದಲ್ಲಿ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಅದಕ್ಕೆ ಬೇಕಾದಷ್ಟು ಬಿಡುವಿದೆ. ಗಂಟೆಗಳಲ್ಲಿ ಲಕ್ಷಗಟ್ಟಲೆ ಗ್ರೇ ಸುರಿಯುವ ಯಂತ್ರದ ಎದುರಿಗಿಟ್ಟ ಹರಳಿನಲ್ಲಿ ಈ ಗುಣ ಕಾಣುವಂತೆಯೇ ಇಲ್ಲ.

ಹಾಗೆಂದು ಸಾವಯವ ಅಣುಗಳು ಅಮರವೆಂದಲ್ಲ. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ 70ಕ್ಕೂ ಹೆಚ್ಚು ಅಮೈನೋ ಆಮ್ಲಗಳು ಸಿಕ್ಕಿದ್ದರಲ್ಲಿ ಅಣುಗಳ ಗಟ್ಟಿತನದಷ್ಟೇ ಸುತ್ತಲಿನ ಕಲ್ಲಿನ ಕಾವಲೂ ಇದೆ. ವಿಕಿರಣದ ಪ್ರಯೋಗ ವರದಿ ಮಾಡುವವರು ಡೋಸಿನ ಜೊತೆಗೆ ಅದನ್ನು ಕೊಟ್ಟ ವೇಗ, ಮಾದರಿಯ ತಾಪ, ಗಾಳಿ ಇತ್ತೋ ನಿರ್ವಾತವೋ ಎಂಬುದನ್ನೂ ಮೊದಲ ಪುಟದಲ್ಲೇ ಬರೆಯಲಿ; ಓದುವವರೂ ಅದನ್ನು ಕೇಳಲಿ.